ಮರಗಳಿಗೆ ಅರ್ಥಕೋಶ ಬರೆಯುವವರಿಗೆ

ಡೊಂಬಿವಲಿಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಓದಿನ ಕೂಟದಲ್ಲಿ ಕಳೆದ ಸಲ ಹಿರಿಯ ಮಿತ್ರರೊಬ್ಬರು ಸತ್ಯವೇದದ ವೃಕ್ಷಗಳನ್ನು ಕುರಿತು ಪ್ರಬಂಧ ಓದಿದರು. ಶ್ರಮಪಟ್ಟು ಸಿದ್ಧಪಡಿಸಿದ ಬರಹ. ಯೆಹೂದ್ಯರ ಮತ್ತು ಕ್ರೈಸ್ತರ ಗ್ರಂಥಗಳಲ್ಲಿ ಬರುವ ಒಂದೊಂದು ಮರವನ್ನೂ ಎತ್ತಿಕೊಂಡು ಅದರ ಮುಂದೆ ಒಂದೊಂದು ಅರ್ಥ ಇಡುತ್ತ ಹೋದರು. ಆಲಿವ್ ಎಂದರೆ ಶಾಂತಿ, ದೇವದಾರು ಎಂದರೆ ಅಹಂಕಾರ, ಅಂಜೂರ ಎಂದರೆ ಇಸ್ರಾಯೇಲ್ ಜನಾಂಗ, ಖರ್ಜೂರ ಎಂದರೆ ವಿಜಯ. ಕೊನೆಗೆ ಅವರು ತಲುಪಿದ ತೀರ್ಮಾನ ಇದು: ಅವರಿಗೆ ಮರ ಬರಿಯ ಸಂಕೇತ, ನಮಗೆ ಮರವೇ ದೇವರು, ಆದುದರಿಂದಲೇ ಅವರ ನಾಗರಿಕತೆ ಕಾಡನ್ನು ಕಡಿಯಿತು, ನಮ್ಮದು ಪೂಜಿಸಿತು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಡೊಂಬಿವಲಿಯಿಂದ ಲೋಕಲ್ ಹಿಡಿದರೆ ಕೋಪರ್, ದಿವಾ ದಾಟಿದ ಮೇಲೆ ನನ್ನ ಮುಂಬ್ರಾ. ಅಷ್ಟರೊಳಗೆ ಆ ಚಪ್ಪಾಳೆಯ ಬಗ್ಗೆ ನಾಚಿಕೆ ಹುಟ್ಟಿತ್ತು. ಅದಕ್ಕೆ ಖಾಸಗಿ ಕಾರಣವೊಂದಿದೆ, ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಮಿತ್ರರ ವಾದಕ್ಕೆ ಉತ್ತರ ಕೊಡಬೇಕು. ಅವರ ಬಗ್ಗೆ ನನಗೆ ಗೌರವವಿದೆ. ಅವರ ತೀರ್ಮಾನದ ಬಗ್ಗೆ ಇಲ್ಲ. ಅದು ಅವರೊಬ್ಬರದೂ ಅಲ್ಲ. ಕನ್ನಡದಲ್ಲಿ ಪರಿಸರದ ಬಗ್ಗೆ ಬರೆಯುವ ಅರ್ಧದಷ್ಟು ಮಂದಿ ಇದೇ ಮಾತನ್ನು ಆಡಿ ಲೇಖನ ಮುಗಿಸುತ್ತಾರೆ.

ಆದಿಕಾಂಡದ ತೋಟದಿಂದಲೇ ಆರಂಭಿಸೋಣ. ಅಲ್ಲಿ ಹೆಸರಿಸಿ ಹೇಳಿರುವ ಮರಗಳು ಎರಡು: ಒಂದು ಜೀವದ ಮರ, ಇನ್ನೊಂದು ಒಳಿತು ಕೆಡುಕುಗಳ ಅರಿವಿನ ಮರ. ಎರಡನೆಯದರಲ್ಲಿದ್ದದ್ದು ಯಾವ ಹಣ್ಣೆಂದು ಹೀಬ್ರೂ ಮೂಲ ಹೇಳುವುದೇ ಇಲ್ಲ. ಸೇಬು ಬಂದದ್ದು ಲ್ಯಾಟಿನ್ ಯುರೋಪಿನಿಂದ. ಆ ಭಾಷೆಯಲ್ಲಿ ಕೆಡುಕಿಗೂ ಸೇಬಿಗೂ 'ಮಾಲುಮ್' ಎಂಬ ಹೆಚ್ಚುಕಡಿಮೆ ಒಂದೇ ಪದವಿದೆ. ಸ್ವರದ ಹ್ರಸ್ವ ದೀರ್ಘಗಳಲ್ಲಷ್ಟೇ ಭೇದ. ಆ ಶಬ್ದಚಮತ್ಕಾರವನ್ನು ಚಿತ್ರಕಾರರು ಕೆಂಪು ಬಣ್ಣ ಹಚ್ಚಿ ಶಾಶ್ವತಗೊಳಿಸಿದರು. ತಾಲ್ಮುದಿನಲ್ಲಿ ಇದೇ ಪ್ರಶ್ನೆಯ ಮೇಲೆ ಮೂವರು ರಬ್ಬಿಗಳ ಚರ್ಚೆಯಿದೆ. ಮೇಯಿರ್ ಅದನ್ನು ದ್ರಾಕ್ಷಿ ಎಂದರು, ಮನುಷ್ಯನ ಮನೆಯಲ್ಲಿ ಗೋಳು ಹುಟ್ಟಿಸುವುದರಲ್ಲಿ ಮದ್ಯವನ್ನು ಮೀರಿಸಿದ್ದಿಲ್ಲವಾದ್ದರಿಂದ. ನೆಹೆಮ್ಯಾ ಅಂಜೂರ ಎಂದರು. ಯಾವ ಮರದಿಂದ ಮಾನ ಹೋಯಿತೋ ಅದೇ ಮರದ ಎಲೆ ಹೊಲಿದು ಮಾನ ಮುಚ್ಚಿಕೊಂಡರಲ್ಲ! ಯೆಹೂದಾ ಅವರ ಉತ್ತರ ಎಲ್ಲಕ್ಕಿಂತ ವಿಚಿತ್ರ: ಗೋಧಿ. ಧಾನ್ಯದ ರುಚಿ ಕಾಣುವ ತನಕ ಮಗುವಿಗೆ ಅಪ್ಪ ಅಮ್ಮ ಎಂದು ಕರೆಯುವ ತಿಳಿವಳಿಕೆ ಬರುವುದಿಲ್ಲ ಎಂಬುದು ಅವರ ಸಮರ್ಥನೆ. ಈ ಮೂವರೂ ಗಿಡದ ಗುಣದಿಂದ ಅರ್ಥಕ್ಕೆ ನಡೆಯುತ್ತಿದ್ದಾರೆ. ಹೆಂಡ ಏನು ಮಾಡುತ್ತದೆ, ಎಲೆ ಎಷ್ಟು ಅಗಲ, ಮಗು ಯಾವಾಗ ಅನ್ನ ತಿನ್ನುತ್ತದೆ ಎಂದು ನೋಡಿದವರ ಮಾತು ಇದು. ನಮ್ಮ ಮಿತ್ರರ ಅರ್ಥಕೋಶ ನಡೆಯುವುದು ತಿರುಗಿ: ಅರ್ಥ ಮೊದಲೇ ಸಿದ್ಧ, ಗಿಡದ ಕಡೆ ನೋಡುವ ಅಗತ್ಯವೇ ಇಲ್ಲ.

ಆಲಿವ್ ಎಂದರೆ ಶಾಂತಿ ಎಂಬುದನ್ನೇ ತೆಗೆದುಕೊಳ್ಳಿ. ನೋಹನ ಪಾರಿವಾಳ ಕೊಕ್ಕಿನಲ್ಲಿ ತಂದ ಎಲೆಯಿಂದ ನೋಹನಿಗೆ ತಿಳಿದದ್ದು ನೀರು ಇಳಿದಿದೆ ಎಂಬ ಸಮಾಚಾರ. ಕೊಂಬೆ ಹಿಡಿದು ಸಂಧಿ ಬೇಡುವ ಪದ್ಧತಿ ಗ್ರೀಕರದು, ರೋಮನರದು. ಅದು ಪಾರಿವಾಳದ ಕೊಕ್ಕಿಗೆ ಸಿಕ್ಕಿದ್ದು ಆನಂತರ. ಇಲ್ಲಿ ನಮ್ಮ ಹಳೆಯ ಕನ್ನಡ ಅನುವಾದಕರಿಗೆ ನಾನು ಕೈ ಮುಗಿಯುತ್ತೇನೆ. ಆಲಿವ್ ಬೆಳೆಯದ ನಾಡಿಗೆ ಆ ಮರವನ್ನು ತರಬೇಕಾಗಿ ಬಂದಾಗ ಅವರು 'ಎಣ್ಣೇಮರ' ಎಂದರು. ಯೆರೂಸಲೇಮಿನ ಎದುರಿನ ಗುಡ್ಡ ಕನ್ನಡದಲ್ಲಿ ಎಣ್ಣೇಮರಗಳ ಗುಡ್ಡವಾಯಿತು. ಈಚಿನ ಅನುವಾದಗಳು 'ಓಲಿವ್' ಎಂದು ಬರೆಯುತ್ತವೆ; ನಿಖರವೇನೋ ಹೌದು, ಆದರೆ ಮರ ಏನು ಕೊಡುತ್ತದೆಂಬುದು ಹೆಸರಿನಿಂದ ಜಾರಿಹೋಯಿತು. ಎಣ್ಣೇಮರ ಎಂದಾಗ ದೀಪ ಕಾಣುತ್ತದೆ, ಅಡುಗೆ ಕಾಣುತ್ತದೆ, ದಾರಿಯಲ್ಲಿ ಬಿದ್ದವನ ಗಾಯಕ್ಕೆ ಸಮಾರ್ಯದವನು ಹೊಯ್ದ ಎಣ್ಣೆ ಕಾಣುತ್ತದೆ. ಮೆಸ್ಸೀಯ ಎಂಬ ಹೀಬ್ರೂ ಪದಕ್ಕೂ ಕ್ರಿಸ್ತ ಎಂಬ ಗ್ರೀಕ್ ಪದಕ್ಕೂ ಎಣ್ಣೆಯಿಂದ ಅಭಿಷೇಕಗೊಂಡವನು ಎಂಬುದೇ ಅರ್ಥ. ಯೇಸು ಬಂಧನಕ್ಕೆ ಮುಂಚೆ ಬೆವರಿದ ಗೆತ್ಸೆಮನೆ ಎಂದರೆ ಎಣ್ಣೆಯ ಗಾಣ. ಇವನ್ನೆಲ್ಲ 'ಶಾಂತಿ' ಎಂಬ ಒಂದು ಪದದ ಕೆಳಗೆ ಮುಚ್ಚಿಟ್ಟರೆ ಓದುಗನಿಗೆ ದೊರೆಯುವುದು ಶುಭಾಶಯ ಪತ್ರದ ಚಿತ್ರ.

ಕನ್ನಡ ಓದುಗನಿಗೆ ಇನ್ನೊಂದು ಸೌಭಾಗ್ಯವಿದೆ, ಮಿತ್ರರು ಅದನ್ನು ಗಮನಿಸಲಿಲ್ಲ. ಹೀಬ್ರೂ ಭಾಷೆಯ 'ಎತ್ಸ್' ಎಂದರೆ ನಿಂತ ಮರವೂ ಹೌದು, ಕಡಿದ ಮರಮುಟ್ಟೂ ಹೌದು. ಗ್ರೀಕಿನ 'ಕ್ಸೂಲೋನ್' ಕೂಡ ಹಾಗೆಯೇ. ನಮ್ಮ 'ಮರ'ವೂ ಹಾಗೆಯೇ: ಅಂಗಳದಲ್ಲಿರುವುದೂ ಮರ, ಬಾಗಿಲೂ ಮರದ್ದು, ಮಂಚವೂ ಮರದ್ದು. ಇಂಗ್ಲಿಷಿನಲ್ಲಿ ಓದುವವನಿಗೆ ಇವು ಬೇರೆ ಬೇರೆ ಪದಗಳು. ಅಪೊಸ್ತಲರ ಕೃತ್ಯಗಳಲ್ಲಿ ಪೇತ್ರನು ಶಿಲುಬೆಯನ್ನು ಶಿಲುಬೆ ಎನ್ನದೆ ಕ್ಸೂಲೋನ್ ಎನ್ನುತ್ತಾನೆ. ಮರಕ್ಕೆ ನೇತುಹಾಕಿದ ಶವವನ್ನು ಅದೇ ದಿನ ಹೂಳಬೇಕೆಂಬ ಧರ್ಮೋಪದೇಶಕಾಂಡದ ವಿಧಿ ಆ ಒಂದು ಪದದ ಹಿಂದಿದೆ. ಏದೆನ್ ತೋಟವೂ ಇದೆ. ತೋಟದ ಮರದ ಕೊಂಬೆಯೇ ಕೈಯಿಂದ ಕೈಗೆ ಹೋಗಿ ಶಿಲುಬೆಯಾಯಿತೆಂಬ ಕಥೆಯನ್ನು ಮಧ್ಯಯುಗದ ಯುರೋಪು ಕಟ್ಟಿಕೊಂಡದ್ದು ಈ ಒಂದೇ ಪದದ ಬಲದ ಮೇಲೆ. ಇಡೀ ಗ್ರಂಥ ಜೀವದ ಮರದಿಂದ ಹೊರಟು ಪ್ರಕಟನೆಯ ಕೊನೆಯ ಅಧ್ಯಾಯದಲ್ಲಿ, ತಿಂಗಳಿಗೊಂದು ಫಲ ಬಿಡುವ, ಎಲೆಗಳಿಂದ ಜನಾಂಗಗಳಿಗೆ ಮದ್ದಾಗುವ ಅದೇ ಮರಕ್ಕೆ ಬಂದು ಸೇರುತ್ತದೆ. ನಡುವಿನಲ್ಲಿ ನಿಂತಿರುವುದು ಕಡಿದ ಮರ. ಹಸಿ ಮರವೊಂದು ಯಾರ ಕೈಯಲ್ಲಿ, ಯಾವ ಕೊಡಲಿಯಿಂದ, ಯಾತಕ್ಕಾಗಿ ಮರಮುಟ್ಟಾಗುತ್ತದೆ ಎಂಬ ಪ್ರಶ್ನೆಯನ್ನು ಈ ಪದ ಮರೆಯಲು ಬಿಡುವುದಿಲ್ಲ. 'ಮರ ಬರಿಯ ಸಂಕೇತ' ಎನ್ನುವವರು ಮರೆಯುವುದು ಇದನ್ನೇ.

ನ್ಯಾಯಸ್ಥಾಪಕರ ಪುಸ್ತಕದ ಒಂಬತ್ತನೆಯ ಅಧ್ಯಾಯವನ್ನು ಅವರು ಒಂದು ವಾಕ್ಯದಲ್ಲಿ ದಾಟಿದರು. ನನಗೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಗಿದ್ಯೋನನ ಮಗ ಅಬೀಮೆಲೆಕನು ತನ್ನ ಎಪ್ಪತ್ತು ಮಂದಿ ಅಣ್ಣತಮ್ಮಂದಿರನ್ನು ಒಂದೇ ಕಲ್ಲಿನ ಮೇಲೆ ಕೊಲ್ಲಿಸುತ್ತಾನೆ. ಶೆಕೆಮಿನ ಜನ ಆ ಕೊಲೆಗಾರನನ್ನು ಅರಸನನ್ನಾಗಿ ಮಾಡುತ್ತಾರೆ. ಎಲ್ಲಿ? ಊರಿನ ಪವಿತ್ರ ವೃಕ್ಷದ ಬುಡದಲ್ಲಿ. ತಪ್ಪಿಸಿಕೊಂಡ ಕಿರಿಯ, ಯೋತಾಮ, ಗೆರಿಜ್ಜೀಮ್ ಬೆಟ್ಟದ ಮೇಲೆ ನಿಂತು ಕೂಗಿ ಒಂದು ಕಥೆ ಹೇಳುತ್ತಾನೆ. ಮರಗಳು ತಮಗೊಬ್ಬ ಅರಸ ಬೇಕೆಂದು ಹೊರಟವು. ಎಣ್ಣೇಮರವನ್ನು ಕೇಳಿದವು, ದೇವರಿಗೂ ಮನುಷ್ಯರಿಗೂ ಸಲ್ಲುವ ಎಣ್ಣೆಯನ್ನು ಬಿಟ್ಟು ನಿಮ್ಮ ಮೇಲೆ ತೂಗಾಡುತ್ತ ಇರಲೇ ಎಂದು ಅದು ಒಲ್ಲೆನೆಂದಿತು. ಅಂಜೂರ ತನ್ನ ಸಿಹಿಯನ್ನು ಬಿಡಲೊಲ್ಲದಾಯಿತು, ದ್ರಾಕ್ಷಿ ತನ್ನ ರಸವನ್ನು. ಕಡೆಗೆ ಮುಳ್ಳುಪೊದೆಯನ್ನು ಕೇಳಿದಾಗ ಅದು ತಕ್ಷಣ ಒಪ್ಪಿತು: ಬನ್ನಿ, ನನ್ನ ನೆರಳಿನಲ್ಲಿ ಆಶ್ರಯ ಪಡೆಯಿರಿ, ಇಲ್ಲವಾದರೆ ನನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರುಗಳನ್ನೇ ಸುಟ್ಟೀತು.

ಬಳ್ಳಾರಿ ಜಾಲಿಯ ಪೊದೆಗಳ ನಡುವೆ ಬೆಳೆದ ಯಾರಿಗಾದರೂ ಈ ಕಥೆಯ ವ್ಯಂಗ್ಯ ವಿವರಣೆಯಿಲ್ಲದೆ ತಿಳಿಯುತ್ತದೆ. ಮುಳ್ಳುಪೊದೆ ನೆರಳು ಕೊಡುತ್ತೇನೆನ್ನುವುದೇ ನಗೆಗೇಡು. ಆದರೆ ಒಣಗಿದಾಗ ಬೇಗ ಹೊತ್ತಿಕೊಳ್ಳುವುದೂ ಅದೇ. ಯೋತಾಮನಿಗೆ ಗಿಡಗಳು ಗೊತ್ತಿದ್ದವು. ಅಧ್ಯಾಯ ಇಲ್ಲಿಗೆ ಮುಗಿದಿದ್ದರೆ ಇದನ್ನು ಸೊಗಸಾದ ರೂಪಕವೆಂದು ಮುಚ್ಚಿಡಬಹುದಿತ್ತು. ಮುಗಿಯುವುದಿಲ್ಲ. ಮೂರು ವರ್ಷ ಕಳೆದು ಶೆಕೆಮ್ ಅವನ ಮೇಲೆ ತಿರುಗಿಬಿದ್ದಾಗ ಅಬೀಮೆಲೆಕ ಹತ್ತಿರದ ಬೆಟ್ಟಕ್ಕೆ ಹೋಗಿ, ಕೊಡಲಿಯಿಂದ ಕೊಂಬೆಯೊಂದನ್ನು ಕಡಿದು ಹೆಗಲ ಮೇಲಿಟ್ಟುಕೊಂಡು, ನಾನು ಮಾಡಿದಂತೆ ನೀವೂ ಮಾಡಿರೆಂದು ತನ್ನವರಿಗೆ ಹೇಳುತ್ತಾನೆ. ಪ್ರತಿಯೊಬ್ಬನೂ ಒಂದೊಂದು ಕೊಂಬೆ ತರುತ್ತಾನೆ. ಅವನ್ನು ಒಟ್ಟಿ ಬೆಂಕಿ ಇಟ್ಟಾಗ ಕೋಟೆಯೊಳಗೆ ಅಡಗಿದ್ದ ಸುಮಾರು ಸಾವಿರ ಗಂಡಸರು ಹೆಂಗಸರು ಸುಟ್ಟು ಸಾಯುತ್ತಾರೆ. ಕಥೆಯಲ್ಲಿ ಮುಳ್ಳುಪೊದೆ ಮರಗಳನ್ನು ಸುಡುತ್ತೇನೆಂದಿತ್ತು. ನಿಜದಲ್ಲಿ ಮರಗಳನ್ನೇ ಕಡಿಸಿ ಜನರನ್ನು ಸುಟ್ಟಿತು. ಪವಿತ್ರ ವೃಕ್ಷದ ಕೆಳಗೆ ಪಟ್ಟ ಕಟ್ಟಿಸಿಕೊಂಡವನು ಇವನು ಎಂಬುದನ್ನು ಈ ಪುಸ್ತಕ ಬರೆದವನು ಮರೆತಿರಲಾರ. ವೃಕ್ಷ ಪವಿತ್ರವಾಗಿದ್ದರಿಂದ ಆ ಊರಿಗೆ ಏನು ರಕ್ಷಣೆ ಸಿಕ್ಕಿತು?

ಅಂಜೂರದ ವಿಷಯವೂ ಇದೇ ರೀತಿ. ಹಸಿದ ಯೇಸು ಎಲೆ ತುಂಬಿದ ಅಂಜೂರದಲ್ಲಿ ಹಣ್ಣು ಹುಡುಕಿ, ಸಿಗದೆ ಶಪಿಸುತ್ತಾನೆ. ಅದು ಹಣ್ಣಿನ ಕಾಲವಲ್ಲವೆಂದು ಮಾರ್ಕನೇ ಹೇಳುತ್ತಾನೆ. ಅನ್ಯಾಯದಂತೆ ಕಾಣುವ ಈ ಪ್ರಸಂಗಕ್ಕೆ 'ಅಂಜೂರವೆಂದರೆ ಇಸ್ರಾಯೇಲ್' ಎಂಬ ಕೀಲಿ ಹಾಕಿ ಸಾವಿರದೆಂಟುನೂರು ವರ್ಷ ಯೆಹೂದ್ಯರನ್ನು ಬೈದ ಉಪದೇಶಕರಿದ್ದಾರೆ. ಆ ನಾಡಿನ ರೈತನನ್ನು ಕೇಳಿದ್ದರೆ ಅವನು ಬೇರೆ ಮಾತು ಹೇಳುತ್ತಿದ್ದ: ವಸಂತದಲ್ಲಿ ಅಂಜೂರಕ್ಕೆ ಎಲೆಯ ಜೊತೆಗೇ ಮೊದಲ ಕಾಯಿಗಳು ಮೂಡುತ್ತವೆ, ಎಲೆ ತುಂಬಿಯೂ ಕಾಯಿ ಇಲ್ಲದ ಮರ ಆ ವರ್ಷ ಏನೂ ಕೊಡುವುದಿಲ್ಲ. ಈ ಪ್ರಸಂಗದ ಎರಡು ತುಂಡುಗಳ ನಡುವೆ ಮಾರ್ಕನು ದೇವಾಲಯದ ಅಂಗಳದಲ್ಲಿ ವ್ಯಾಪಾರಿಗಳ ಮೇಜು ಉರುಳಿಸಿದ ಘಟನೆಯನ್ನು ಇಟ್ಟಿದ್ದಾನೆ. ಎಲೆ ತೋರಿಸಿ ಹಸಿದವನನ್ನು ಕರೆದು ಬರಿಗೈಯಲ್ಲಿ ಕಳುಹಿಸುವ ಸಂಸ್ಥೆಯ ಮೇಲೆ ಆ ಸಿಟ್ಟು. ಜನಾಂಗದ ಮೇಲೆಂದು ಓದಿದ್ದರ ಫಲವನ್ನು ಇಪ್ಪತ್ತನೆಯ ಶತಮಾನದ ಯುರೋಪು ಕಂಡಿತು. ಅರ್ಥಕೋಶಗಳು ನಿರುಪದ್ರವಿಗಳೆಂದು ತಿಳಿಯಬಾರದು.

ಇನ್ನು ಮಿತ್ರರ ಎರಡನೆಯ ಮಾತು: ಅವರು ಕಡಿದರು, ನಾವು ಪೂಜಿಸಿದೆವು. 1967ರಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರ ಇದರ ಮೊದಲರ್ಧವನ್ನು ಬರೆದ. ಪ್ರಕೃತಿಯಿಂದ ದೇವತೆಗಳನ್ನು ಓಡಿಸಿ ಪಾಶ್ಚಾತ್ಯ ಕ್ರೈಸ್ತಧರ್ಮ ಕೊಡಲಿಗೆ ದಾರಿ ಮಾಡಿತೆಂಬುದು ಅವನ ಆರೋಪ. ನಮ್ಮವರಿಗೆ ಅದು ಬಹಳ ಹಿಡಿಸಿತು. ಅದೇ ಪ್ರಬಂಧದ ಕೊನೆಯಲ್ಲಿ ಅವನು ಅಸ್ಸಿಸಿಯ ಫ್ರಾನ್ಸಿಸನನ್ನು ಪರಿಸರದ ಸಂತನೆಂದು ಸೂಚಿಸಿದ್ದನ್ನು ಮಾತ್ರ ಉಲ್ಲೇಖಿಸುವವರು ಕಡಮೆ.

ಆರೋಪದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಬಲಿಪೀಠದ ಪಕ್ಕ ಅಶೇರಾ ದೇವತೆಯ ಮರ ನೆಡಬಾರದು, ಇದ್ದದ್ದನ್ನು ಸುಡಬೇಕು ಎಂದು ಮೋಶೆಯ ಧರ್ಮಶಾಸ್ತ್ರ ವಿಧಿಸುತ್ತದೆ. ಎಂಟನೆಯ ಶತಮಾನದಲ್ಲಿ ಬೊನಿಫೇಸ್ ಜರ್ಮನರ ಪವಿತ್ರ ಓಕ್ ಮರವನ್ನು ಕಡಿದುರುಳಿಸಿದ. ಸೊಲೊಮೋನನು ದೇವಾಲಯಕ್ಕಾಗಿ ಲೆಬನೋನಿನ ದೇವದಾರುಗಳನ್ನು ತರಿಸಲು ಮೂವತ್ತು ಸಾವಿರ ಮಂದಿಯನ್ನು ಬಿಟ್ಟಿಗೆ ಹಿಡಿದ. ಆದರೆ ಇದೇ ಗ್ರಂಥ ತನ್ನ ಮೇಲೆಯೇ ತಕರಾರು ಎತ್ತುತ್ತದೆ. ಊರೊಂದಕ್ಕೆ ಮುತ್ತಿಗೆ ಹಾಕಿದಾಗ ಅದರ ಹಣ್ಣಿನ ಮರಗಳ ಮೇಲೆ ಕೊಡಲಿ ಎತ್ತಬಾರದೆಂದು ಧರ್ಮೋಪದೇಶಕಾಂಡದ ಇಪ್ಪತ್ತನೆಯ ಅಧ್ಯಾಯ ಆಜ್ಞಾಪಿಸುತ್ತದೆ. ಓಡಿಹೋಗಲಾರದ ಮರದ ಮೇಲೆ ನಿನ್ನ ಯುದ್ಧವೇಕೆ ಎಂಬ ಧಾಟಿಯಲ್ಲಿ ಸೈನಿಕನನ್ನು ಪ್ರಶ್ನಿಸುತ್ತದೆ. ಶತ್ರುವಿನ ಮರ ಅದು. ನೆಟ್ಟವನು ನಾಳೆ ನಿನ್ನ ಕೈಯಲ್ಲೇ ಸಾಯಬಹುದು, ಆದರೂ ಮುಟ್ಟಬೇಡ ಎನ್ನುತ್ತದೆ ಶಾಸನ. ಫಲ ಕೊಡದ ಮರಗಳನ್ನು ಕಡಿಯಲು ಅದು ಅನುಮತಿ ಕೊಡುತ್ತದೆಂಬುದೂ ನಿಜ. ಮೋವಾಬಿನ ಮೇಲೆ ದಂಡೆತ್ತಿ ಹೋದಾಗ ಎಲೀಷ ಪ್ರವಾದಿ ಒಳ್ಳೆಯ ಮರಗಳನ್ನೆಲ್ಲ ಕಡಿಯಹೇಳಿದನೆಂಬುದೂ ನಿಜ. ಆ ವಿರೋಧವನ್ನು ಹೇಗೆ ಬಿಡಿಸುವುದೆಂದು ರಬ್ಬಿಗಳು ತಲೆ ಕೆಡಿಸಿಕೊಂಡಿದ್ದಾರೆ. ಮುತ್ತಿಗೆಯ ಈ ಒಂದು ನಿಯಮವನ್ನೇ ಹಿಗ್ಗಿಸಿ, ಉಪಯುಕ್ತವಾದ ಯಾವುದನ್ನೂ ವ್ಯರ್ಥವಾಗಿ ನಾಶ ಮಾಡಬಾರದೆಂಬ 'ಬಲ್ ತಶ್ಹೀತ್' ಎಂಬ ವಿಧಿಯನ್ನು ಅವರು ಕಟ್ಟಿದರು.

ಯೆಶಾಯನ ಹದಿನಾಲ್ಕನೆಯ ಅಧ್ಯಾಯದಲ್ಲಂತೂ ಮರಗಳೇ ಮಾತಾಡುತ್ತವೆ. ಬಾಬೆಲಿನ ಅರಸ ಸತ್ತಾಗ ಲೆಬನೋನಿನ ದೇವದಾರುಗಳು ಸಂತೋಷಪಡುತ್ತವೆ: ನೀನು ಮಲಗಿದ ಮೇಲೆ ನಮ್ಮನ್ನು ಕಡಿಯಲು ಯಾರೂ ಬೆಟ್ಟ ಹತ್ತಿ ಬಂದಿಲ್ಲ. ದೇವದಾರು ಎಂದರೆ ಅಹಂಕಾರವಂತೆ! ಇಲ್ಲಿ ಅಹಂಕಾರ ಅರಸನದು, ಸಮಾಧಾನದ ಉಸಿರು ದೇವದಾರುವಿನದು. ಆ ಅರಸನ ಬಳಿಕವೂ ಬಂದವರು ಬಂದರು. ರೋಮಿನ ಹಾಡ್ರಿಯನ್ ಚಕ್ರವರ್ತಿ ಅಲ್ಲಿನ ಬಂಡೆಗಳ ಮೇಲೆ ನಾಲ್ಕು ಜಾತಿಯ ಮರಗಳು ತನ್ನವೆಂದು ಕೆತ್ತಿಸಿದ. ಆ ಅಕ್ಷರಗಳು ಇಂದಿಗೂ ಲೆಬನೋನಿನಲ್ಲಿ ಕಾಣಸಿಗುತ್ತವೆ. ಮರಗಳು ಬಹುಮಟ್ಟಿಗೆ ಹೋಗಿವೆ.

ಇದೆಲ್ಲ ದೂರದೇಶದ ಮಾತೆನಿಸಿದರೆ ನಮ್ಮ ಜಿಲ್ಲೆಗೇ ಬರೋಣ. ಮುಂಬ್ರಾದಿಂದ ಪಾರಸಿಕ್ ಗುಡ್ಡವನ್ನು ಬಳಸಿ ಆಚೆ ಹೋದರೆ ಠಾಣೆ. ಅಲ್ಲಿ 1879ರಲ್ಲಿ ಕಟ್ಟಿದ ಬೆನೆ ಇಸ್ರಾಯೇಲರ ಸಭಾಮಂದಿರವಿದೆ, ಶಾರ್ ಹಶ್ಶಾಮಯಿಮ್, ಎಂದರೆ ಸ್ವರ್ಗದ ಬಾಗಿಲು. ಕೊಂಕಣದ ಹಳ್ಳಿಗಳಲ್ಲಿ ಗಾಣ ಆಡಿಸಿ ಬದುಕಿದ ಮರಾಠಿ ಮಾತಿನ ಯೆಹೂದ್ಯರು ಇವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಇವರನ್ನು ಶನಿವಾರ ತೇಲಿಗಳೆಂದರು. ಎಣ್ಣೇಮರದ ನಾಡು ತಮ್ಮ ಮೂಲವೆಂದು ನಂಬಿದವರು ಕೊಂಕಣದಲ್ಲಿ ಎಣ್ಣೆ ತೆಗೆಯುವವರಾದರು ಎಂಬುದನ್ನು ನೆನೆದಾಗ ನನಗೆ ಯಾವ ಪ್ರಬಂಧವೂ ಬೇಡವೆನಿಸುತ್ತದೆ. ಇವರಲ್ಲಿ ಮಲೀದಾ ಎಂಬ ಆಚರಣೆಯಿದೆ: ಅವಲಕ್ಕಿ, ಬೆಲ್ಲ ಅಥವಾ ಸಕ್ಕರೆ, ತೆಂಗಿನ ತುರಿ ಕಲಸಿ, ಸುತ್ತ ಹಣ್ಣುಗಳನ್ನಿಟ್ಟು, ಎಲೀಯ ಪ್ರವಾದಿಯನ್ನು ನೆನೆದು ಹಂಚುವುದು. ಶೆವಾಟ್ ತಿಂಗಳ ಹದಿನೈದರಂದು, ಮರಗಳ ಹೊಸವರ್ಷದ ದಿನ, ಅಲಿಬಾಗಿನ ಬಳಿಯ ಖಂಡಾಳೆ ಎಂಬ ಹಳ್ಳಿಗೆ ಹೋಗುವ ಪದ್ಧತಿಯೂ ಇದೆ; ಪ್ರವಾದಿಯ ರಥ ಅಲ್ಲಿನ ಬಂಡೆಯ ಮೇಲೆ ಗುರುತು ಬಿಟ್ಟು ಹೋಯಿತೆಂದು ನಂಬಿಕೆ.

ಈ ಹೊಸವರ್ಷ ಹುಟ್ಟಿದ್ದೂ ಸಂಕೇತಕ್ಕಾಗಿಯಲ್ಲ, ಲೆಕ್ಕಕ್ಕಾಗಿ. ಹಣ್ಣಿನಲ್ಲಿ ದಶಮಾಂಶ ತೆಗೆಯುವಾಗ ಯಾವ ಫಲ ಯಾವ ವರ್ಷದ್ದೆಂದು ನಿರ್ಣಯಿಸಲು ಮಿಶ್ನಾ ಗೊತ್ತುಪಡಿಸಿದ ದಿನ ಅದು. ಇನ್ನು ಹಣ್ಣು ತಿನ್ನುವ ಮುಂಚೆ ಹೇಳುವ ಸ್ತುತಿಯಲ್ಲಿ ಮರದ ಫಲಕ್ಕೊಂದು, ನೆಲದ ಫಲಕ್ಕೊಂದು ಎಂಬ ಭೇದವಿದೆ. ಖರ್ಜೂರ ಮರದ ಫಲ. ಬಾಳೆಹಣ್ಣು ನೆಲದ ಫಲ, ಏಕೆಂದರೆ ಬಾಳೆಗೆ ವರ್ಷದಿಂದ ವರ್ಷಕ್ಕೆ ಉಳಿಯುವ ಕಾಂಡವಿಲ್ಲ. ಗೊನೆ ಕೊಟ್ಟದ್ದು ಬಿದ್ದುಹೋಗಿ ಬುಡದಿಂದ ಹೊಸದು ಏಳುತ್ತದೆ. ಬಾಯಿಗೆ ಹಣ್ಣಿಡುವ ಮುನ್ನ ಅದರ ಬುಡ ಹೇಗಿದೆಯೆಂದು ನೆನೆಯಬೇಕಾದ ಜನ ಇವರು. ಇವರಿಗೆ ಮರ ಬರಿಯ ಸಂಕೇತ ಎಂದು ನಾವು ಡೊಂಬಿವಲಿಯ ಸಭಾಂಗಣದಲ್ಲಿ ಕುಳಿತು ತೀರ್ಪು ಕೊಟ್ಟೆವು.

ಮತ್ತೆ 'ನಮಗೆ ಮರವೇ ದೇವರು' ಎಂಬ ಮಾತು. ಈ 'ನಮಗೆ' ಯಾರು? ಮರಕ್ಕೂ ಕಲ್ಲಿಗೂ ಅಡ್ಡಬೀಳುವುದನ್ನು ನಮ್ಮ ವಚನಕಾರರು ಹನ್ನೆರಡನೆಯ ಶತಮಾನದಲ್ಲೇ ಲೇವಡಿ ಮಾಡಿದರು; ಅಶೇರಾ ಮರಗಳ ಮೇಲೆ ಹೀಬ್ರೂ ಪ್ರವಾದಿಗಳು ತೋರಿದ ಅಸಹನೆಗೂ ಇದಕ್ಕೂ ಇರುವ ನಂಟು ಯಾರಾದರೂ ಬರೆಯಬೇಕಾದ ವಿಷಯ. ಅವರನ್ನು ಪರಿಸರದ ವೈರಿಗಳೆಂದು ನಾವು ಕರೆಯುವುದಿಲ್ಲವಷ್ಟೆ. ದೇವರ ಹೆಸರು ಕಾಡನ್ನು ಕಾಯುತ್ತದೆಂಬುದು ನಿಜವಾಗಿದ್ದರೆ ಕೊಡಗಿನ ದೇವರಕಾಡುಗಳು ಇಪ್ಪತ್ತನೆಯ ಶತಮಾನದಲ್ಲಿ ಅರ್ಧಕ್ಕಿಂತ ಹೆಚ್ಚು ಕರಗುತ್ತಿರಲಿಲ್ಲ. 1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತದ್ದು ಅವು ದೇವರೆಂದಲ್ಲ. ನೀರು, ಸೊಪ್ಪು, ಉರುವಲು ಹೋಗುತ್ತದೆಂದು ತಿಳಿದಿದ್ದರಿಂದ. 2018ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಕಾಂಡ್ಲಾ ಕಾಡಿನ ನಾಶ ನಾಗರಿಕರ ಬದುಕುವ ಹಕ್ಕಿನ ಉಲ್ಲಂಘನೆ ಎಂದಿತು. ನಮ್ಮ ಖಾರಿಯ ದಂಡೆಯ ಕಾಂಡ್ಲಾಗಳಿಗೆ ಕುಂಕುಮ ಹಚ್ಚಿದವರಿಲ್ಲ, ದಾರ ಸುತ್ತಿದವರಿಲ್ಲ. ಉಳಿದಷ್ಟು ಉಳಿದಿರುವುದು ಕಾನೂನಿನ ಬಲದಿಂದ.

ಈಗ ಖಾಸಗಿ ಕಾರಣ. ಮುಂಬ್ರಾದಲ್ಲಿ ನಾನಿರುವ ಕಟ್ಟಡದ ಆವರಣದಲ್ಲಿ ಎರಡು ಮರಗಳಿದ್ದವು. ಗೇಟಿನ ಪಕ್ಕ ಅರಳಿ, ಹಿಂಭಾಗದಲ್ಲಿ ಬಾದಾಮಿ. ಬಾದಾಮಿ ಎಂದರೆ ಮುಂಬಯಿಯ ಬೀದಿಬೀದಿಯಲ್ಲಿರುವ, ಅಗಲ ಎಲೆಯ, ಉದುರುವ ಮುನ್ನ ಎಲೆ ಕೆಂಪಾಗುವ ಮರ. ಯೆರೆಮೀಯ ಕಂಡ, ಆರೋನನ ಕೋಲಿನಲ್ಲಿ ಹೂಬಿಟ್ಟ ಬಾದಾಮಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಆ ಬಾದಾಮಿಗೆ ಹೀಬ್ರೂವಿನಲ್ಲಿ ಶಾಕೇದ್, ಎಚ್ಚರದಿಂದಿರುವವನಿಗೆ ಶೋಕೇದ್. ಚಳಿಗಾಲ ಮುಗಿಯುವ ಮೊದಲೇ ಎದ್ದು ಹೂವಾಗುವ ಮರವನ್ನು ತೋರಿಸಿ, ನಾನು ಎಚ್ಚರವಾಗಿದ್ದೇನೆ ಎಂದು ದೇವರು ಪ್ರವಾದಿಗೆ ಹೇಳುವ ಮಾತಿನ ಆಟ ಯಾವ ಅನುವಾದದಲ್ಲೂ ಉಳಿಯುವುದಿಲ್ಲ. ನಮ್ಮ ಬಾದಾಮಿಯ ಮೇಲೆ ಅಂಥ ಯಾವ ಶ್ಲೇಷೆಯೂ ಇರಲಿಲ್ಲ. ಎಲೆ ಉದುರಿ ಮೋರಿ ಕಟ್ಟಿಕೊಳ್ಳುತ್ತಿತ್ತು. ಬಾವಲಿಗಳು ಕಾಯಿ ಕಚ್ಚಿ ವಾಹನಗಳ ಮೇಲೆ ಬೀಳಿಸುತ್ತಿದ್ದವು.

ಎರಡು ವರ್ಷದ ಹಿಂದೆ ಸೊಸೈಟಿಯ ಸಭೆಯಲ್ಲಿ ಅದನ್ನು ತೆಗೆಸುವ ಪ್ರಸ್ತಾಪ ಬಂತು. ಅರಳಿಯ ಬೇರು ಗೋಡೆ ಸೀಳುತ್ತಿತ್ತು, ನಿಜವಾದ ಅಪಾಯ ಅದರದೇ. ಆದರೆ ಅದರ ಬುಡದಲ್ಲಿ ಕಟ್ಟೆಯಿದೆ, ದೀಪ ಹಚ್ಚುತ್ತಾರೆ, ಯಾರೂ ಅದರ ಸುದ್ದಿ ಎತ್ತಲಿಲ್ಲ. ಬಾದಾಮಿ ಯಾವ ದೇವರದೂ ಅಲ್ಲವಲ್ಲ ಎಂದು ಒಬ್ಬರು ನಕ್ಕರು. ಎಲ್ಲರೂ ನಕ್ಕೆವು. ಒಪ್ಪಿಗೆಯ ಕಾಗದ ಮನೆಮನೆಗೆ ಬಂತು. ಮೂರನೆಯ ಮಹಡಿಯ ಕೊಂಕಣಿ ಮುಸಲ್ಮಾನ ಹಿರಿಯರು ಮಾತ್ರ ಸಹಿ ಹಾಕಲಿಲ್ಲ. ಮಧ್ಯಾಹ್ನ ಅದರ ಕೆಳಗೆ ತರಕಾರಿ ಗಾಡಿಯವನೂ ಇಸ್ತ್ರಿಯವನೂ ಕೂರುತ್ತಾರೆ, ಅವರನ್ನು ಕೇಳಿದಿರಾ ಎಂದರು. ಕೇಳಿರಲಿಲ್ಲ. ಅವರು ಸದಸ್ಯರಲ್ಲ. ನನ್ನ ಸಹಿ ಆ ಕಾಗದದಲ್ಲಿ ಏಳನೆಯದು. ಮಹಾರಾಷ್ಟ್ರದಲ್ಲಿ ನಗರದ ಮರಗಳಿಗಾಗಿ 1975ರಿಂದ ಕಾಯಿದೆಯಿದೆ. 2021ರ ತಿದ್ದುಪಡಿಯ ಪ್ರಕಾರ ಕಡಿದ ಮರದ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು. ನಮ್ಮಲ್ಲಿ ಅರ್ಜಿ, ಪರಿಶೀಲನೆ, ಅನುಮತಿ ಎಲ್ಲ ಕ್ರಮವಾಗಿಯೇ ನಡೆಯಿತು. ನೆಟ್ಟ ಸಸಿಗಳಲ್ಲಿ ಬದುಕಿರುವ ಒಂದನ್ನೂ ನಾನು ಕಂಡಿಲ್ಲ. ಆ ಕೊಲೆಯಲ್ಲಿ ಧರ್ಮಗ್ರಂಥದ ಸಂಕೇತಗಳ ಕೈವಾಡ ಇರಲಿಲ್ಲ. 'ದೇವರ ಮರ' ಎಂಬ ನಮ್ಮದೇ ವರ್ಗೀಕರಣದ ಕೈವಾಡ ಇತ್ತು: ಒಂದು ಮರವನ್ನು ದೇವರೆಂದು ಎತ್ತಿಟ್ಟವನಿಗೆ ಉಳಿದವೆಲ್ಲ ಮರಮುಟ್ಟು. ಧರ್ಮೋಪದೇಶಕಾಂಡದ ಸೈನಿಕನ ಮುಂದಿದ್ದದ್ದು ದೇವರ ಮರವಲ್ಲ, ಊಟದ ಮರ. ಅದಕ್ಕೆ ಅಲ್ಲಿ ಕಾನೂನು ಸಿಕ್ಕಿತು. ಬಾದಾಮಿಗೆ ಇಲ್ಲಿ ನಾನು ಸಿಕ್ಕಿದೆ.

ಮಿತ್ರರು ತಮ್ಮ ಪ್ರಬಂಧದಲ್ಲಿ ಯೋಬನ ಹದಿನಾಲ್ಕನೆಯ ಅಧ್ಯಾಯವನ್ನು ಮಾನವನ ಭರವಸೆಯ ಸಂಕೇತವೆಂದು ಬಳಸಿಕೊಂಡರು. ದಯವಿಟ್ಟು ಇನ್ನೊಮ್ಮೆ ಓದಬೇಕು. ಕಡಿದ ಮರಕ್ಕೆ ಭರವಸೆಯಿದೆ, ನೆಲದೊಳಗೆ ಬೇರು ಮುದಿಯಾಗಿದ್ದರೂ ನೀರಿನ ವಾಸನೆ ಬಡಿದರೆ ಸಾಕು ಚಿಗುರುತ್ತದೆ ಎನ್ನುವ ಯೋಬ ಮುಂದುವರಿದು ಹೇಳುವುದು, ಮನುಷ್ಯನಿಗೆ ಅದಿಲ್ಲವೆಂದು. ಅವನು ಮರದ ಮೇಲೆ ಅಸೂಯೆಪಡುತ್ತಿದ್ದಾನೆ. ಆ ಅಸೂಯೆ ಅರ್ಥವಾಗಬೇಕಾದರೆ ಕಡಿದ ಬುಡವೊಂದನ್ನು ಮಳೆ ಬಿದ್ದ ಮೇಲೆ ಹೋಗಿ ನೋಡಿರಬೇಕು.

ಈ ಜೂನ್ ಕೊನೆಗೆ ನಮ್ಮ ಬಾದಾಮಿಯ ಬುಡದಲ್ಲಿ ನಾಲ್ಕು ಚಿಗುರು ಬಂದಿವೆ. ಎರಡು ಈಗ ಮೊಣಕಾಲೆತ್ತರ. ಸೊಸೈಟಿಯ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ನೀರಿನ ಟ್ಯಾಂಕಿನ ಸೋರಿಕೆ, ಲಿಫ್ಟಿನ ಗುತ್ತಿಗೆಗಳ ಕೆಳಗೆ ಐದನೆಯದಾಗಿ ಬುಡಕ್ಕೆ ಆ್ಯಸಿಡ್ ಹಾಕಿಸುವ ವಿಚಾರ ಇದೆ. ಸಭೆ ಬರುವ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಮೂರನೆಯ ಮಹಡಿಯ ಹಿರಿಯರ ಜೊತೆ ಮಾತಾಡಿದ್ದೇನೆ. ಇಸ್ತ್ರಿಯವನೂ ಬಂದು ಕೂರುತ್ತಾನಂತೆ, ಸದಸ್ಯನಲ್ಲದಿದ್ದರೂ. ಓದಿನ ಕೂಟವೂ ಅಂದೇ ಇದೆ. ನಾನು ಬರುವುದು ತಡವಾಗುತ್ತದೆ.